ಮೊಬೈಲ್ ಪ್ರಶ್ನೋತ್ತರ: ತುಂಬಿದ ಇನ್‌ಬಾಕ್ಸ್, ಎರೆ ಹೊಲದ ದಾರಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಎರಡೇ ವಿಷಯ, ಮೇಲ್ ಮತ್ತು ಮ್ಯಾಪ್. ಮಳೆಗಾಲ, ಮದುವೆ, ಅರ್ಜಿಗಳ ಕಾಲ ಎಲ್ಲಾ ಒಟ್ಟಿಗೆ ಬಂದಿದ್ದಕ್ಕೋ ಏನೋ. ಒಂದೊಂದಾಗಿ ನೋಡೋಣ.

ಪ್ರಶ್ನೆ: ಹುಬ್ಬಳ್ಳಿಯಿಂದ ರೋಣದ ಹತ್ತಿರದ ಒಂದು ಹಳ್ಳಿಗೆ ಮದುವೆಗೆ ಹೊರಟಿದ್ದೆವು. ಮ್ಯಾಪ್ ಒಳದಾರಿ ತೋರಿಸಿತು, ಬೇಗ ಮುಟ್ಟುತ್ತೀರಿ ಅಂದಿತು. ಹಿಂದಿನ ರಾತ್ರಿ ಮಳೆಯಾಗಿತ್ತು. ಕಾರು ಎರೆ ಮಣ್ಣಿನಲ್ಲಿ ಹೂತುಹೋಗಿ ಟ್ರ್ಯಾಕ್ಟರ್ ತರಿಸಿ ಎಳೆಸಬೇಕಾಯಿತು. ಅಕ್ಕಿಕಾಳು ಬಿದ್ದ ಮೇಲೆ ಮುಟ್ಟಿದೆವು. ಮ್ಯಾಪ್ ನಂಬಬೇಕೋ ಬೇಡವೋ? (ಕೇಶ್ವಾಪುರದ ಓದುಗರು)

ಉತ್ತರ: ನಂಬಿ, ಆದರೆ ಅದಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನೋದು ನಿಮಗೆ ತಿಳಿದಿರಲಿ. ಊರೊಳಗೆ, ಹೈವೇ ಮೇಲೆ ಓಡಾಡುವ ಸಾವಿರಾರು ಫೋನುಗಳ ವೇಗ ನೋಡಿ ಅದು ಸಮಯ ಲೆಕ್ಕ ಹಾಕುತ್ತದೆ. ಹಾಗಾಗಿ ಹುಬ್ಬಳ್ಳಿ ಧಾರವಾಡ ನಡುವೆ ಅದು ಹೇಳುವ ಸಮಯ ಬಹುತೇಕ ಸರಿ ಇರುತ್ತದೆ. ಹೊಲದ ನಡುವಿನ ಚಕ್ಕಡಿ ದಾರಿಯಲ್ಲಿ ದಿನಕ್ಕೆ ಎಷ್ಟು ಫೋನು ಓಡಾಡುತ್ತವೆ ಹೇಳಿ? ಅಲ್ಲಿ ಅದಕ್ಕೆ ಕಾಣೋದು ಒಂದು ಗೆರೆ, ಅದರ ಉದ್ದ, ಅಷ್ಟೇ. ರಾತ್ರಿ ಮಳೆ ಬಿದ್ದಿದೆ, ಎರೆ ಮಣ್ಣು ನೆಂದರೆ ಟೈರಿಗೆ ಮೆತ್ತಿಕೊಂಡು ಗಾಲಿ ತಿರುಗೋದೇ ಇಲ್ಲ ಅನ್ನೋದು ರೋಣ, ನರಗುಂದ, ನವಲಗುಂದದ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು, ಮ್ಯಾಪಿಗೆ ಗೊತ್ತಿಲ್ಲ.

ಹೊರಡುವ ಮುಂಚೆ ಎರಡು ಕೆಲಸ ಮಾಡಿ. ಮೊದಲು ಮ್ಯಾಪನ್ನು ಸ್ಯಾಟಲೈಟ್ ನೋಟಕ್ಕೆ ಬದಲಿಸಿ, ಕೊನೆಯ ಹತ್ತು ಹದಿನೈದು ಕಿಲೋಮೀಟರ್ ದೊಡ್ಡದು ಮಾಡಿ ನೋಡಿ. ಡಾಂಬರು ರಸ್ತೆ ಒಂದೇ ಅಗಲದ ಬೂದು ಪಟ್ಟಿಯಾಗಿ ಕಾಣುತ್ತದೆ. ಚಕ್ಕಡಿ ದಾರಿ ಅಕ್ಕಪಕ್ಕದ ಹೊಲದ ಬಣ್ಣದಲ್ಲೇ ಇರುತ್ತದೆ, ಕೆಲವು ಕಡೆ ಎರಡು ಗಾಲಿಯ ಗುರುತು ಮಾತ್ರ ಕಾಣುತ್ತದೆ. ಅಂಥ ದಾರಿ ಕಂಡರೆ ಎರಡನೇ ಕೆಲಸ: ಆಡ್ ಸ್ಟಾಪ್ ಒತ್ತಿ, ನಡುವೆ ದೊಡ್ಡ ರಸ್ತೆಯ ಮೇಲಿನ ಒಂದು ಊರು ಸೇರಿಸಿ. ನಿಮ್ಮ ಪ್ರಯಾಣಕ್ಕೆ ಗದಗ ಅಥವಾ ನರಗುಂದ ಅಂತ ಹಾಕಿದ್ದರೆ ಅದು ಆ ಊರಿನ ಮೇಲೆಯೇ ಕರೆದುಕೊಂಡು ಹೋಗುತ್ತಿತ್ತು. ನಾಲ್ಕು ಕಿಲೋಮೀಟರ್ ಜಾಸ್ತಿ ಆದರೂ ಅಕ್ಕಿಕಾಳಿಗೆ ಮುಟ್ಟುತ್ತಿದ್ದಿರಿ.

ಮಳೆ ಜೋರಿದ್ದಾಗ ಇನ್ನೊಂದು ಮಾತು. ಬೆಣ್ಣೆಹಳ್ಳ ತುಂಬಿದರೆ ಸೇತುವೆ ಮುಳುಗುವ ಜಾಗಗಳು ಆ ಭಾಗದವರಿಗೆ ಬಾಯಿಪಾಠ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಕೊಣ್ಣೂರಿನ ಹತ್ತಿರ ಹೆದ್ದಾರಿಯೇ ಬಂದ್ ಆಗಿತ್ತು. ಅಂಥ ದಿನ ಮದುವೆ ಮನೆಗೆ ಒಂದು ಫೋನ್ ಮಾಡಿ "ಯಾವ ದಾರಿ ಚಲೋ ಐತಿ" ಅಂತ ಕೇಳೋದು ಯಾವ ಆ್ಯಪಿಗಿಂತಲೂ ಒಳ್ಳೆಯದು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ಅರ್ಧಕ್ಕೆ ನಿಂತಿದ್ದ ಸೇತುವೆಯಿಂದ ಕಾರು ನದಿಗೆ ಬಿದ್ದು ಮೂವರು ಸತ್ತರು. ಅವರು ಫೋನಿನ ದಾರಿ ನೋಡಿಕೊಂಡು ಹೊರಟಿದ್ದರು ಅಂತ ವರದಿಯಾಯಿತು. ರಾತ್ರಿ ಹೊತ್ತು, ಗೊತ್ತಿಲ್ಲದ ರಸ್ತೆ, ಮುಂದೆ ಒಂದೂ ಗಾಡಿ ಕಾಣುತ್ತಿಲ್ಲ ಅಂದರೆ ನಿಲ್ಲಿಸಿ ಇಳಿದು ನೋಡಿ. ದಯವಿಟ್ಟು.

ಪ್ರಶ್ನೆ: ಗೃಹಪ್ರವೇಶಕ್ಕೆ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿದ್ದೆ. ಅರ್ಧ ಜನ ನಮ್ಮೆಜಮಾನ್ರ ಆಫೀಸಿಗೆ ಹೋಗಿ ನಿಂತಿದ್ದರು! ಎಲ್ಲಿ ತಪ್ಪಿತು? (ಗದಗ ಜಿಲ್ಲೆಯ ಗೃಹಿಣಿ)

ಉತ್ತರ: ಅಕ್ಕಾ, ಬಹುಶಃ ಅವರು ಆಫೀಸಲ್ಲಿ ಕೂತು "ಕರೆಂಟ್ ಲೊಕೇಶನ್" ಒತ್ತಿ ಕಳಿಸಿದ್ದನ್ನೇ ನೀವು ಮುಂದಕ್ಕೆ ಕಳಿಸಿರುತ್ತೀರಿ. ಅದು ಫೋನು ಆಗ ಎಲ್ಲಿದೆಯೋ ಆ ಜಾಗ, ಮನೆಯ ಜಾಗ ಅಲ್ಲ. ಲೈವ್ ಲೊಕೇಶನ್ ಅಂತೂ 15 ನಿಮಿಷ, 1 ಗಂಟೆ ಅಥವಾ 8 ಗಂಟೆ ಮಾತ್ರ ಇರುತ್ತದೆ, ಆಮೇಲೆ ನಿಂತುಹೋಗುತ್ತದೆ. ದಾರಿಯಲ್ಲಿರುವವರು ಎಲ್ಲಿಗೆ ಬಂದರು ಅಂತ ನೋಡೋಕೆ ಅದು ಸರಿ, ಆಮಂತ್ರಣಕ್ಕೆ ಅಲ್ಲ.

ಸರಿಯಾದ ರೀತಿ ಹೀಗೆ: ಮ್ಯಾಪ್ ತೆರೆದು ನಿಮ್ಮ ಮನೆಯ ಗೇಟಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಕೆಂಪು ಪಿನ್ ಬೀಳುತ್ತದೆ, ಅದನ್ನು ಶೇರ್ ಮಾಡಿ. ಗೇಟಿನ ಮೇಲೇ ಬೀಳಬೇಕು, ಮನೆಯ ಹಿತ್ತಲಲ್ಲಿ ಅಲ್ಲ. ಹಿತ್ತಲಲ್ಲಿ ಬಿದ್ದರೆ ಹಿಂದಿನ ಓಣಿಗೆ ಕರೆದೊಯ್ದು ಬಿಡುತ್ತದೆ. ಕಳಿಸುವ ಮುಂಚೆ ಮನೆಯವರೇ ಒಬ್ಬರು ಬೇರೆ ಫೋನಿನಲ್ಲಿ ತೆರೆದು ನೋಡಲಿ.

ಪಿನ್ ಜೊತೆ ಎರಡು ಸಾಲು ಬರೆಯಿರಿ. ನಮ್ಮ ಕಡೆ "ಅಲ್ಲೇ ಬಂದು ಯಾರ್ನರ ಕೇಳ್ರಿ, ಹೇಳ್ತಾರ" ಅನ್ನೋದು ರೂಢಿ. ಹಗಲಲ್ಲಿ ನಡೆಯುತ್ತದೆ. ರಾತ್ರಿ ಎಂಟಕ್ಕೆ, ಕರೆಂಟ್ ಹೋದ ಓಣಿಯಲ್ಲಿ, ಮೊದಲ ಸಲ ಬಂದವರು ಯಾರನ್ನು ಕೇಳಬೇಕು? ಹೀಗೆ ಬರೆದು ನೋಡಿ: "ಗದಗ ಕಡೆಯಿಂದ ಬಂದರೆ ಅಗಸಿ ದಾಟಿ ಎಡಕ್ಕೆ ಹನುಮಪ್ಪನ ಗುಡಿ. ಗುಡಿ ಎದುರಿನ ಓಣಿಯಲ್ಲಿ ಮೂರನೇ ಮನೆ, ನೀಲಿ ಗೇಟು. ಓಣಿ ಸಣ್ಣದು, ಕಾರು ಗುಡಿ ಮುಂದೆಯೇ ನಿಲ್ಲಿಸಿ." ಕಾರು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಯಾರೂ ಬರೆಯುವುದಿಲ್ಲ. ಬಂದವರಿಗೆ ಮೊದಲು ಬೇಕಾಗೋದೇ ಅದು.

ಹೆಸರು ಮಾತ್ರ ಬರೆದು ಬಿಡಬೇಡಿ. ನವನಗರ ಹುಬ್ಬಳ್ಳಿಯಲ್ಲೂ ಇದೆ, ಬಾಗಲಕೋಟೆಯಲ್ಲೂ ಇದೆ. ಹೊಸೂರು ಅಂತ ಹುಡುಕಿದರೆ ಹುಬ್ಬಳ್ಳಿಯ ಹೊಸೂರು ಬರಬಹುದು, ತಮಿಳುನಾಡಿನದೂ ಬರಬಹುದು. ಪಿನ್‌ಕೋಡ್ ಸೇರಿಸಿ: ಹುಬ್ಬಳ್ಳಿ ಧಾರವಾಡದ್ದು 580ರಿಂದ ಶುರು, ಹಾವೇರಿಯದು 581, ಗದಗದ್ದು 582, ಬಾಗಲಕೋಟೆಯದು 587. ಇದೊಂದರಿಂದಲೇ ಅರ್ಧ ಗೊಂದಲ ಹೋಗುತ್ತದೆ. ರೈಲ್ವೆ ಸ್ಟೇಷನ್‌ಗೆ ಕರೆಯೋದಾದರೆ ಯಾವ ಗೇಟು ಅಂತ ಹೇಳಿ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್, ಒಂದೂವರೆ ಕಿಲೋಮೀಟರ್! "ಸ್ಟೇಷನ್ ಹತ್ರ ಇದ್ದೀನಿ" ಅಂದರೆ ವಯಸ್ಸಾದವರು ಸಾಮಾನು ಹೊತ್ತುಕೊಂಡು ಎಲ್ಲಿ ಅಂತ ಹುಡುಕಬೇಕು?

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ, ಕೇಳಿರಬಹುದು. ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೂ 10 ಅಕ್ಷರ-ಅಂಕಿಗಳ ಒಂದು ಗುರುತು ಕೊಟ್ಟಿದ್ದಾರೆ. ಮನೆ ನಂಬರೇ ಇಲ್ಲದ ಹಳ್ಳಿ ಮನೆಗಳಿಗೆ, ಹೊಲದ ಮನೆಗಳಿಗೆ ಇದು ನಿಜಕ್ಕೂ ಉಪಯೋಗ ಅಂತ ನನ್ನ ಅಭಿಪ್ರಾಯ. ನಿಮ್ಮದನ್ನು ತೆಗೆದು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಕಪ್ಪತಗುಡ್ಡದ ಕಡೆ ಹೋದರೆ ನೆಟ್‌ವರ್ಕ್ ಬರಲ್ಲ. ಮ್ಯಾಪೂ ಕೈಕೊಡುತ್ತದೆ. (ಬೈಕ್ ಸವಾರ, ಮುಂಡರಗಿ)

ಉತ್ತರ: ತಮ್ಮಾ, ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಸುಮಾರು 20 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಸಂಕೇತ ನೇರವಾಗಿ ಫೋನಿಗೆ ಬರುತ್ತದೆ. ನೆಟ್ ಬೇಕಾಗೋದು ಮ್ಯಾಪಿನ ಚಿತ್ರ ಇಳಿಸೋಕೆ. ಹಿಂದಿನ ದಿನವೇ ಮನೆಯ ವೈಫೈನಲ್ಲಿ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ಮ್ಯಾಪ್‌ಗೆ ಹೋಗಿ ಆ ಭಾಗ ಇಳಿಸಿಟ್ಟುಕೊಳ್ಳಿ. ಆಫ್‌ಲೈನ್‌ನಲ್ಲಿ ಗಾಡಿಯ ದಾರಿ ತೋರಿಸುತ್ತದೆ, ಟ್ರಾಫಿಕ್ ತೋರಿಸಲ್ಲ, ನಡೆಯುವ ದಾರಿಯೂ ಸಿಗಲ್ಲ. ಗುಡ್ಡ ಹತ್ತೋದಿದ್ದರೆ ಜೊತೆಗೆ ಊರಿನವರೊಬ್ಬರು ಇರಲಿ. ಇಂಥ ಕಡೆಗೆ ಹೋಗುತ್ತಿದ್ದೀನಿ, ಇಷ್ಟು ಹೊತ್ತಿಗೆ ಬರ್ತೀನಿ ಅಂತ ಮನೆಯಲ್ಲಿ ಹೇಳಿ ಹೊರಡಿ.

ಪ್ರಶ್ನೆ: ಮೇಲ್ ಬಾಕ್ಸ್ ತುಂಬಿದೆ ಅಂತ ಬರುತ್ತಿದೆ. ಜಾಹೀರಾತಿನ ಮೇಲ್ ಎಲ್ಲಾ ಕೂತು ಅಳಿಸಿದೆ, ಬೆರಳು ನೋವು ಬಂತು, ಜಾಗ ಮಾತ್ರ ಆಗಲಿಲ್ಲ. ಪಿಂಚಣಿ ಕಾಗದ ಎಲ್ಲಾ ಇದಕ್ಕೇ ಬರುತ್ತವೆ. (ನಿವೃತ್ತ ಶಿಕ್ಷಕರು, ಮಾಳಮಡ್ಡಿ, ಧಾರವಾಡ)

ಉತ್ತರ: ಸರ್, ನಿಮ್ಮ ಶ್ರಮ ನೋಡಿ ಬೇಜಾರಾಯಿತು, ಯಾಕೆಂದರೆ ಅಕ್ಷರ ಮಾತ್ರ ಇರುವ ಮೇಲ್ ತೀರಾ ಸಣ್ಣದು, ಸಾವಿರ ಅಳಿಸಿದರೂ ಹೇಳಿಕೊಳ್ಳುವಷ್ಟು ಜಾಗ ಆಗುವುದಿಲ್ಲ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಮೇಲ್‌ಗೆ ಮಾತ್ರ ಅಲ್ಲ. ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟು. 2021ರ ಜೂನ್ 1ರಿಂದ ಫೋಟೋಗಳೂ ಈ ಲೆಕ್ಕಕ್ಕೆ ಬರುತ್ತಿವೆ, ಈಗ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಅದರಲ್ಲೇ. ಅಂದರೆ ದಿನಾ ಬೆಳಿಗ್ಗೆ ಬರುವ ಶುಭೋದಯದ ವಿಡಿಯೋಗಳು ನಿಮ್ಮ ಪಿಂಚಣಿ ಕಾಗದದ ಜಾಗ ತಿನ್ನುತ್ತಿರಬಹುದು.

ಮೊದಲು ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅಲ್ಲಿ ಚಾಟ್ ಬ್ಯಾಕಪ್‌ಗೆ ಹೋಗಿ "ಇನ್‌ಕ್ಲೂಡ್ ವಿಡಿಯೋಸ್" ಆಫ್ ಮಾಡಿ. ಆಮೇಲೆ ಗೂಗಲ್ ಖಾತೆಯ ಸ್ಟೋರೇಜ್ ಪುಟ ತೆರೆದರೆ ಯಾವುದು ಎಷ್ಟು ತಿಂದಿದೆ ಅಂತ ತೋರಿಸುತ್ತದೆ, ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲ್‌ಗಳನ್ನೂ ಬೇರೆಯಾಗಿ ತೋರಿಸುತ್ತದೆ. ಅಂಥ ಐವತ್ತು ಅಳಿಸಿದರೆ ಸಾಕು. ಟ್ರ್ಯಾಶ್ ಖಾಲಿ ಮಾಡೋದು ಮರೆಯಬೇಡಿ, ಇಲ್ಲದಿದ್ದರೆ 30 ದಿನ ಅಲ್ಲೇ ಕೂತು ಜಾಗ ಹಿಡಿದಿರುತ್ತವೆ.

ಫೋಟೋಗಳ ವಿಷಯದಲ್ಲಿ ಮಾತ್ರ ಅವಸರ ಬೇಡ ಸರ್. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದ್ದಾಗ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. ಮೊಮ್ಮಕ್ಕಳ ಫೋಟೋ ಮೊದಲು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿಸಿ, ತೆರೆದು ನೋಡಿ, ಆಮೇಲೆ ಅಳಿಸಿ. ಬಾಕ್ಸ್ ಪೂರ್ತಿ ತುಂಬಿದರೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ, ಹಾಗಾಗಿ ಈ ವಾರವೇ ಮಾಡಿ. ಹಳೆಯ ಇನ್ನೊಂದು ಖಾತೆ ಇದ್ದರೆ ಅದನ್ನೂ ಆಗಾಗ ತೆರೆಯುತ್ತಿರಿ, ಎರಡು ವರ್ಷ ಮುಟ್ಟದೇ ಬಿಟ್ಟ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಬಹುದು.

ಪ್ರಶ್ನೆ: ನಮ್ಮ ಮಹಿಳಾ ಸಂಘದಿಂದ ಕನ್ನಡದಲ್ಲಿ ಅರ್ಜಿ ಟೈಪ್ ಮಾಡಿಸಿ ಮೇಲ್ ಮಾಡಿದ್ದೆವು. ಆ ಕಡೆಯವರಿಗೆ ಏನೇನೋ ಅಕ್ಷರ ಕಾಣುತ್ತಿದೆಯಂತೆ. ಇಂಗ್ಲಿಷ್‌ನಲ್ಲೇ ಬರೆಯಬೇಕಾ? (ಸಂಘದ ಕಾರ್ಯದರ್ಶಿ, ಹಾವೇರಿ ಜಿಲ್ಲೆ)

ಉತ್ತರ: ಖಂಡಿತ ಬೇಡ ಮೇಡಂ, ಕನ್ನಡದಲ್ಲೇ ಬರೆಯಿರಿ. ತೊಂದರೆ ಭಾಷೆಯದಲ್ಲ, ಫಾಂಟಿನದು. ಡಿಟಿಪಿ ಅಂಗಡಿಯವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಅದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚಿ ಒಳಗಿನದ್ದು ಕಾಣುತ್ತದೆ. ಅಂಗಡಿಯಲ್ಲಿ "ಯುನಿಕೋಡ್‌ನಲ್ಲಿ ಮಾಡಿಕೊಡಿ" ಅಂತ ಕೇಳಿ, ಅದರಲ್ಲಿ ಒಳಗೆ ಇರುವುದೂ ಕನ್ನಡ ಅಕ್ಷರದ್ದೇ ಸಂಕೇತ. ಟೈಪ್ ಮಾಡಿದ್ದನ್ನು ಬದಲಿಸುವ ಕನ್ವರ್ಟರ್‌ಗಳೂ ಇವೆ, ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಓದಿ ನೋಡಿ. ಸಹಿ ಹಾಕಿದ ಅರ್ಜಿಯಾದರೆ ಪಿಡಿಎಫ್ ಕಳಿಸಿ. ಫೋನಿನಲ್ಲಿ ನೀವೇ ಟೈಪ್ ಮಾಡಿದರೆ ಈ ರಗಳೆಯೇ ಇಲ್ಲ, ಅದು ಯುನಿಕೋಡೇ.

ನೀವು ನಮಗೆ ತೋರಿಸಿದ ಆ ಮೇಲ್‌ನ ಸಬ್ಜೆಕ್ಟ್‌ನಲ್ಲಿ "ಅರ್ಜಿ" ಅಂತಷ್ಟೇ ಇದೆ, ಮೇಲ್ ಒಳಗೆ ಒಂದು ಸಾಲೂ ಇಲ್ಲ. ಅಲ್ಲಿ ಕೂತಿರುವ ಗುಮಾಸ್ತರಿಗೆ ಅಂಥ "ಅರ್ಜಿ" ದಿನಾ ಎಷ್ಟು ಬರುತ್ತವೋ! "ಹೊಲಿಗೆ ಯಂತ್ರಕ್ಕೆ ಅರ್ಜಿ, ಸಂಘದ ಹೆಸರು, ಊರು, ತಾಲ್ಲೂಕು" ಅಂತ ಸಬ್ಜೆಕ್ಟ್ ಬರೆಯಿರಿ. ಒಳಗೆ ಯಾರು, ಏನು ಬೇಕು, ಏನೇನು ಲಗತ್ತಿಸಿದ್ದೀರಿ, ಯಾವ ನಂಬರಿಗೆ ಫೋನ್ ಮಾಡಬೇಕು, ನಾಲ್ಕೇ ಸಾಲು. ಫೈಲಿನ ಹೆಸರೂ ಹಾಗೇ ಇರಲಿ, "ಸ್ಕ್ಯಾನ್ 1" ಬೇಡ. ಜಿಮೇಲ್‌ನಲ್ಲಿ ಎಲ್ಲಾ ಲಗತ್ತು ಸೇರಿ 25 ಎಂಬಿ ದಾಟಿದರೆ ಲಿಂಕ್ ಆಗಿ ಹೋಗುತ್ತದೆ, ಅದನ್ನು ತೆರೆಯೋಕೆ ಆ ಕಡೆಯವರಿಗೆ ಅನುಮತಿ ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಸಣ್ಣದಾಗಿ ಸ್ಕ್ಯಾನ್ ಮಾಡಿಸಿ. ಹದಿನೈದು ದಿನ ಉತ್ತರ ಬರದಿದ್ದರೆ ಹೊಸ ಮೇಲ್ ಬೇಡ, ಅದೇ ಮೇಲ್‌ಗೆ ರಿಪ್ಲೈ ಮಾಡಿ ನೆನಪಿಸಿ, ದಿನಾಂಕ ಸಮೇತ ದಾಖಲೆ ಉಳಿಯುತ್ತದೆ. ವಾಟ್ಸಾಪ್ ಇದ್ದರೂ ಇಂಥ ಕೆಲಸಕ್ಕೆ ಮೇಲೇ ಸರಿ ಅಂತ ನಾನು ಹೇಳೋದು ಇದಕ್ಕೇ.

ಪ್ರಶ್ನೆ: ಕಳಿಸಿದ ಮೇಲ್ ವಾಪಸ್ ತರಬಹುದಾ? (ವಿದ್ಯಾರ್ಥಿ, ಸಪ್ತಾಪುರ)

ಉತ್ತರ: ಜಿಮೇಲ್‌ನಲ್ಲಿ ಅನ್‌ಡೂ ಇದೆ, ಹೆಚ್ಚೆಂದರೆ 30 ಸೆಕೆಂಡ್. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು 30ಕ್ಕೇ ಇಟ್ಟುಬಿಡು. ಟು ಜಾಗದಲ್ಲಿ ವಿಳಾಸವನ್ನು ಕೊನೆಗೆ ತುಂಬುವ ಅಭ್ಯಾಸ ಮಾಡಿಕೋ, ಆಗ ಅರ್ಧಕ್ಕೆ ಹೋಗುವ ಪ್ರಶ್ನೆಯೇ ಬರಲ್ಲ.

ಪ್ರಶ್ನೆ: ಮಗ ಬೈಕ್ ಓಡಿಸುತ್ತಾ ಒಂದು ಕೈಯಲ್ಲಿ ಫೋನ್ ಹಿಡಿದು ಮ್ಯಾಪ್ ನೋಡುತ್ತಾನೆ. ಹೇಳಿದರೆ ಕೇಳಲ್ಲ. (ತಾಯಿ, ಉಣಕಲ್)

ಉತ್ತರ: ಅಕ್ಕಾ, ಈ ಉತ್ತರ ಅವನಿಗೇ ತೋರಿಸಿ. ತಮ್ಮಾ, ಚೆನ್ನಮ್ಮ ಸರ್ಕಲ್‌ನ ಫ್ಲೈಓವರ್ ಕೆಲಸದ ನಡುವೆ, ಬಸ್ಸು ಆಟೋಗಳ ಮಧ್ಯೆ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದರೆ ಬ್ರೇಕ್ ಯಾವ ಕೈಯಲ್ಲಿ ಹಿಡಿಯುತ್ತೀ? ದಾರಿ ನೋಡೋಕೆ ಫೋನ್ ಬಳಸಲು ನಿಯಮದಲ್ಲಿ ಅವಕಾಶ ಇದೆ, ಗಮನ ತಪ್ಪದಂತೆ ಇರಬೇಕು ಅನ್ನುವ ಷರತ್ತಿನ ಮೇಲೆ. ಹ್ಯಾಂಡಲ್‌ಗೆ ಗಟ್ಟಿ ಹೋಲ್ಡರ್ ಹಾಕಿಸಿಕೋ. 2018ರಿಂದ ಗೂಗಲ್ ಮ್ಯಾಪ್ಸ್ ಕನ್ನಡದಲ್ಲೂ ದಾರಿ ಹೇಳುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ಭಾಷೆ ಬದಲಿಸಿಕೊಂಡರೆ ಆಯಿತು. ಎಡ ಬಲ ಗೊಂದಲವಾದರೆ ಪಕ್ಕಕ್ಕೆ ನಿಲ್ಲಿಸಿ ನೋಡು. ಅಮ್ಮ ಕಾಯುತ್ತಿರುತ್ತಾರೆ.

ಪ್ರಶ್ನೆ: ಪಾರ್ಸಲ್ ನಿಂತಿದೆ, ಲಿಂಕ್ ಒತ್ತಿ ಹಣ ಕಟ್ಟಿ ಅಂತ ಮೇಲ್ ಬಂದಿದೆ. ನಾನು ಏನೂ ತರಿಸಿಲ್ಲ. (ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ)

ಉತ್ತರ: ಒತ್ತಬೇಡಿ, ಉತ್ತರವನ್ನೂ ಕೊಡಬೇಡಿ, ಸ್ಪ್ಯಾಮ್ ಅಂತ ಗುರುತು ಹಾಕಿ. ಕಳಿಸಿದವರ ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಿ, ಹೆಸರು ದೊಡ್ಡ ಕಂಪನಿಯದ್ದು, ವಿಳಾಸ ಏನೋ ಒಂದು ಇರುತ್ತದೆ. ಈಗಾಗಲೇ ಹಣ ಹೋಗಿದ್ದರೆ ನಾಳೆ ನೋಡೋಣ ಅನ್ನಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಯುವ ಅವಕಾಶ ಅಷ್ಟು ಜಾಸ್ತಿ.