ಮನೆಯಲ್ಲಿ ಕೇಳದೆಯೇ ಬೇಡವೆಂದ ಬಡ್ತಿ

ಕಲಬುರಗಿಯಲ್ಲಿ ಸಲಹೆ ಕೇಳಿ ನನ್ನ ಹತ್ತಿರ ಬರುವ ಉದ್ಯೋಗಸ್ಥ ಹೆಂಗಸರಲ್ಲಿ ಈ ಪ್ರಕರಣ ಮತ್ತೆ ಮತ್ತೆ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆಕೆ ಖಾಸಗಿ ಹಣಕಾಸು ಕಂಪನಿಯೊಂದರ ಬ್ರಾಂಚ್ ಮ್ಯಾನೇಜರ್. ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ಬಂದಿದ್ದರು. ಕಾರಣ ನಿಧಾನಕ್ಕೆ ಹೊರಬಂತು. ಬೆಂಗಳೂರಿನಲ್ಲಿ ರೀಜನಲ್ ಹೆಡ್ (ಪ್ರಾದೇಶಿಕ ಮುಖ್ಯಸ್ಥೆ) ಹುದ್ದೆ ಕೊಡುತ್ತೇವೆ ಎಂದು ಕಂಪನಿ ಹೇಳಿತ್ತು. ಒಲ್ಲೆ ಅಂತ ಮೇಲ್ ಬರೆದಿಟ್ಟಿದ್ದರು, ಕಳಿಸಿರಲಿಲ್ಲ. ಮೇಲಧಿಕಾರಿ ಬೇರೆ, "ಮಕ್ಕಳಿದ್ದಾರೆ, ನಿಮಗೆ ಕಷ್ಟ. ಇಲ್ಲೇ ಎಚ್.ಆರ್. (ಸಿಬ್ಬಂದಿ ವಿಭಾಗ) ನೋಡ್ಕೊಳ್ಳಿ" ಎಂದಿದ್ದರಂತೆ.

ಎರಡನೇ ಭೇಟಿಯಲ್ಲಿ ಕೇಳಿದೆ. "ಮನ್ಯಾಗ ಯಾರು ಬ್ಯಾಡ ಅಂದ್ರು?"

"ಯಾರೂ ಅಂದಿಲ್ರಿ ಮೇಡಂ."

"ಯಜಮಾನ್ರು?"

"ಅವರಿಗೆ ಹೇಳೇ ಇಲ್ರಿ. ಹೇಳಿದ್ರ ಬ್ಯಾಡ ಅಂತಾರ. ಅನ್ನಿಸ್ಕೊಳ್ಳೋದು ಯಾಕ ಅಂತ ನಾನೇ ಬಿಟ್ಟೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಮಗ ಸಣ್ಣಾಂವ ಇದ್ದಾಗೂ ಹೀಂಗೇ ಒಂದು ಬಿಟ್ಟೀನ್ರಿ. ಅದೂ ಯಾರಿಗೂ ಗೊತ್ತಿಲ್ಲ. ನಮ್ಮತ್ತಿ ಇವತ್ತಿಗೂ ಕೇಳ್ತಾರ, ನಮ್ಮ ಸೊಸಿಗೆ ಪ್ರಮೋಷನ್ ಯಾಕ ಕೊಡವಲ್ರು ಅಂತ."

ಹೇಳುತ್ತಲೇ ಅತ್ತುಬಿಟ್ಟರು.

ನಾನು ಕೊಟ್ಟ ಸಲಹೆ ಇಷ್ಟು. ಮೇಲ್ ಕಳಿಸಬೇಡಿ. ಮೊದಲು ಗಂಡನ ಜೊತೆ ಕೂತು ಲೆಕ್ಕ ಹಾಕಿ: ಸಂಬಳ, ಬಾಡಿಗೆ, ಮಕ್ಕಳ ಶಾಲೆ, ವಾರಕ್ಕೊಮ್ಮೆ ರಾತ್ರಿ ರೈಲು. ಯಾವಾಗ ಸೇರಬೇಕು, ಎಷ್ಟು ವರ್ಷ ಎಂಬುದನ್ನು ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ಎಚ್.ಆರ್. ಕೆಲಸ ಒಪ್ಪಿಕೊಳ್ಳಲು ಅವಸರ ಬೇಡ. ಅದೇನೂ ಸಣ್ಣ ಕೆಲಸವಲ್ಲ. ಆದರೆ ಕಂಪನಿಯ ಮುಖ್ಯಸ್ಥರಾದ ಎಂ.ಡಿ., ಸಿ.ಇ.ಒ. ಹುದ್ದೆಗೆ ಹೆಚ್ಚಾಗಿ ಆರಿಸುವುದು ವ್ಯಾಪಾರದ ಲಾಭ ನಷ್ಟ ಹೊತ್ತವರನ್ನು. ಆ ದಾರಿ ಬಿಟ್ಟರೆ ಮರಳುವುದು ಕಷ್ಟ.

ಇದು ಮನೆ ಒಡೆಯುವ ಸಲಹೆ ಎಂದು ಕೆಲವರು ನನ್ನನ್ನು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಎಲ್ಲರೂ ಮಾತಾಡಿ, ಆಕೆಯೇ ಬೇಡ ಅಂದಿದ್ದರೆ ಅದಕ್ಕೂ ಜೊತೆ ನಿಲ್ಲುತ್ತಿದ್ದೆ. ಇಲ್ಲಿ ಮಾತೇ ಆಗಿರಲಿಲ್ಲ. ಇನ್ನೊಂದು ಮಾತು. ಷೇರುಪೇಟೆಯಲ್ಲಿರುವ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಲ್ಲಿ ಆಕೆ ಸ್ವತಂತ್ರ ನಿರ್ದೇಶಕಿಯೇ (ಕಂಪನಿಯ ಮಾಲೀಕರಿಗೆ ಸಂಬಂಧವಿಲ್ಲದವರು) ಆಗಿರಬೇಕು ಎಂದು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2020ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದೆ. ರೀಜನಲ್ ಹೆಡ್ ಕುರ್ಚಿಗೆ ಅಂಥ ಕಾಯ್ದೆ ಇಲ್ಲ. ಅರುಂಧತಿ ಭಟ್ಟಾಚಾರ್ಯ ಸ್ಟೇಟ್ ಬ್ಯಾಂಕ್ ಸೇರಿದ್ದು 1977ರಲ್ಲಿ, ಅದರ ಮೊದಲ ಮಹಿಳಾ ಅಧ್ಯಕ್ಷೆ ಆಗಿದ್ದು 2013ರಲ್ಲಿ. ನಡುವಿನ ಮೆಟ್ಟಿಲುಗಳನ್ನು ಹತ್ತಲೇಬೇಕಲ್ವಾ?

ಮೇಲಧಿಕಾರಿಗಳೇ, ಆಕೆಗೆ ಕಷ್ಟವೋ ಇಲ್ಲವೋ ಎಂದು ನೀವೇ ತೀರ್ಮಾನಿಸಬೇಡಿ. ಕೇಳಿ.

ಗಂಡನಿಗೆ ಸಿಟ್ಟು ಬಂದಿದ್ದು ನಿಜ. ಹಿಂದಿನ ಬಡ್ತಿಯನ್ನೂ ಮುಚ್ಚಿಟ್ಟಿದ್ದಕ್ಕೆ ಜಾಸ್ತಿ ನೊಂದರಂತೆ. ಕೊನೆಗೆ ಇಬ್ಬರೂ ಕೂತು ಮಾತಾಡಿದರು. ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ತನಕ ಸಮಯ ಕೊಡಿ ಎಂದು ಆಕೆ ಕಂಪನಿಗೆ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.