ಅಪ್ಪನಿಗೆ ಹೇಳದ ಒಂದು ಪೇಪರ್

ಪ್ರಶ್ನೆ: ಮೇಡಂ, ನನಗೆ 22 ವರ್ಷ. ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಿ.ಎಸ್ಸಿ.ಯಲ್ಲಿ ಸಿಬಿಜೆಡ್ ಓದಿ, ಕೆಮಿಸ್ಟ್ರಿ ಇಷ್ಟ ಅಂತ ಎಂ.ಎಸ್ಸಿ. ಸೇರಿದೆ. ಪ್ರಾಕ್ಟಿಕಲ್‌ನಲ್ಲಿ ಮಾರ್ಕ್ಸ್ ಚೆನ್ನಾಗಿದೆ, ಆದರೆ ಮೊದಲ ಸೆಮಿಸ್ಟರಿನ ಫಿಸಿಕಲ್ ಕೆಮಿಸ್ಟ್ರಿ ಹೋಗಿದೆ. ಅದರಲ್ಲಿ ಬರುವ ಕ್ವಾಂಟಮ್ ಕ್ಲಾಸಿನಲ್ಲಿ ಒಂದಕ್ಷರ ಅರ್ಥ ಆಗೋದಿಲ್ಲ. ಒಮ್ಮೆ ಡೌಟ್ ಕೇಳಿದೆ. ಮೇಷ್ಟ್ರು 'ಇಷ್ಟೂ ಗೊತ್ತಿಲ್ಲದೆ ಇಲ್ಲಿಗ್ಯಾಕೆ ಬಂದೆ' ಅಂದರು. ಆಮೇಲೆ ಬಾಯಿ ಬಿಟ್ಟಿಲ್ಲ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಫೀಸು ಕಟ್ಟಿದ್ದಾರೆ. ಎಲ್ಲಾ ಪಾಸ್ ಅಂತ ಅವರಿಗೆ ಸುಳ್ಳು ಹೇಳಿದ್ದೇನೆ. ಚಿಕ್ಕಪ್ಪ ಬಿಟ್ಟು ಬಿ.ಎಡ್. ಮಾಡು ಅಂತಾರೆ. ಜೊತೆಗೆ ಓದಿದ ಗೆಳತಿ ಬೆಂಗಳೂರಿನಲ್ಲಿ ಔಷಧ ಕಂಪನಿ ಸೇರಿ ಮನೆಗೆ ದುಡ್ಡು ಕಳಿಸ್ತಿದ್ದಾಳೆ. ರಾತ್ರಿ ನಿದ್ದೆ ಬರ್ತಿಲ್ಲ. ಬಿಟ್ಟುಬಿಡಲಾ?
– ಹೆಸರು ಬೇಡ

ಉತ್ತರ: ಮಗಳೇ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಪ್ರಾಕ್ಟಿಕಲ್ ಮಾರ್ಕ್ಸಿನ ಮಾತು ಬಂದ ಕಡೆ ನಿಂತುಬಿಟ್ಟೆ. ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀಯ. ಫೇಲಾದದ್ದಕ್ಕೆ ಇಷ್ಟುದ್ದ ಬರೆದವಳು ಇದಕ್ಕೆ ಅರ್ಧ ಸಾಲು ಸಾಕು ಅಂದುಕೊಂಡೆಯಲ್ಲ, ಅದೇ ನನಗೆ ಬೇಜಾರು.

ಇಪ್ಪತ್ತೇಳು ವರ್ಷ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳ ಪಕ್ಕ ನಿಂತವಳು ನಾನು. ಗಡಸು ನೀರಿನ ಟೈಟ್ರೇಶನ್ ನೆನಪಿಸಿಕೋ, ಹನಿಹನಿಯಾಗಿ ದ್ರಾವಣ ಬಿಟ್ಟು ನೀರಿನ ಗಡಸುತನ ಅಳೆಯೋದು. ನಲ್ಲಿ ಇರುವ ಉದ್ದ ಗಾಜಿನ ಕೊಳವೆ ಬ್ಯುರೆಟ್‌ನಲ್ಲಿ ಇಡಿಟಿಎ ದ್ರಾವಣ, ಫ್ಲಾಸ್ಕಿನಲ್ಲಿ ಬಣ್ಣ ಬದಲಿಸುವ ಸೂಚಕ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿದ ಕೆಂಪು ನೀರು. ಕೊನೆಕೊನೆಗೆ ಕೆಂಪೂ ಅಲ್ಲದ, ನೀಲಿಯೂ ಅಲ್ಲದ ಒಂದು ನೇರಳೆ ಬರುತ್ತದೆ. ಅವಸರದವರು ಅಲ್ಲೇ ನಲ್ಲಿ ಮುಚ್ಚುತ್ತಾರೆ, ಇಲ್ಲವೇ ಮೂರು ಹನಿ ಜಾಸ್ತಿ ಬಿಟ್ಟುಬಿಡುತ್ತಾರೆ. ಕೆಲವರು ಮಾತ್ರ ಬ್ಯುರೆಟ್ ತುದಿಯಲ್ಲಿ ಅರ್ಧ ಹನಿ ನೇತಾಡಿಸಿ, ಅದನ್ನು ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಒಳಗೆ ಬಿಡುತ್ತಾರೆ. ಥಟ್ಟನೆ ನೀಲಿ. ಆ ಅರ್ಧ ಹನಿಗೆ ಕಾಯುವ ಕೈ ಎಲ್ಲರಿಗೂ ಬರೋದಿಲ್ಲ. ಕಲಿಸಿ ಕಲಿಸಿ ಸೋತಿದ್ದೇನೆ. ಗಣಿತವನ್ನು ಮಾತ್ರ ಯಾರಿಗಾದರೂ ಕಲಿಸಬಹುದು.

ಅದಕ್ಕೇ ಹೇಳ್ತೀನಿ, ಬಿಡಬೇಡ. ಈಗಂತೂ ಬೇಡ.

ನೀನು ಯಾಕೆ ಫೇಲಾದೆ ಅಂತ ನಿನ್ನ ಪತ್ರದಲ್ಲೇ ಇದೆ. ಸಿಬಿಜೆಡ್ ಅಂತ ಬರೆದಿದ್ದೀಯಲ್ಲ, ಅಲ್ಲಿ. ಗಣಿತದ ಪುಸ್ತಕ ನೀನು ಕೊನೆಯ ಸಲ ತೆಗೆದದ್ದು ಪಿಯುಸಿಯಲ್ಲಿ ಇರಬೇಕು. ಆಮೇಲೆ ಮೂರು ವರ್ಷ ಕೆಮಿಸ್ಟ್ರಿ ಜೊತೆ ಗಿಡ, ಪ್ರಾಣಿ. ಎಂ.ಎಸ್ಸಿ.ಗೆ ಬಂದ ಕೂಡಲೇ ಬೋರ್ಡಿನ ಮೇಲೆ ಕ್ವಾಂಟಮ್‌ನ ಮೂಲ ಸೂತ್ರ, ಶ್ರೋಡಿಂಜರ್ ಸಮೀಕರಣ. ಪಕ್ಕದಲ್ಲಿ ಕೂತ, ಡಿಗ್ರಿಯಲ್ಲಿ ಗಣಿತವನ್ನೂ ಓದಿದ ಪಿಸಿಎಂ ಹುಡುಗನಿಗೆ ಅದು ನಿನ್ನೆ ಮೊನ್ನೆ ಓದಿದ ವಿಷಯ. ಅವನು ತಲೆಯಾಡಿಸುತ್ತಾನೆ, ಮೇಷ್ಟ್ರು ಮುಂದೆ ಹೋಗುತ್ತಾರೆ. ನಿನಗೆ 'ನಾನೇ ದಡ್ಡಿ' ಅನಿಸುತ್ತದೆ. ಸಿಬಿಜೆಡ್‌ನಿಂದ ಬಂದ ಎಷ್ಟೋ ಮಕ್ಕಳು ಇದೇ ಜಾಗದಲ್ಲಿ ಎಡವಿದ್ದನ್ನು ಕಂಡಿದ್ದೇನೆ. ಗ್ರೂಪ್ ಥಿಯರಿಯಲ್ಲಿ ಮೇಟ್ರಿಕ್ಸ್ ಬಂದಾಗಲೂ ಇದೇ ಪಾಡು.

ಈ ಪೇಪರಿಗೆ ಬೇಕಾದ ಗಣಿತ ನೀನು ಹೆದರಿದಷ್ಟು ದೊಡ್ಡದಲ್ಲ. ಡಿಫರೆನ್ಸಿಯೇಶನ್, ಸೈನ್ ಸ್ಕ್ವೇರ್‌ನ ಇಂಟಿಗ್ರೇಶನ್, ಕಾಂಪ್ಲೆಕ್ಸ್ ನಂಬರ್, ಡಿಟರ್ಮಿನೆಂಟ್, ಮೇಟ್ರಿಕ್ಸ್ ಗುಣಾಕಾರ. ಬಹುಪಾಲು ಎಲ್ಲಾ ಪಿಯುಸಿ ಪುಸ್ತಕದಲ್ಲಿದೆ. ದಪ್ಪ ದಪ್ಪ ಪುಸ್ತಕ ತರಬೇಡ. ಬೆಳಿಗ್ಗೆ ಒಂದು ಗಂಟೆ, ಆರು ವಾರ, ಪೆನ್ನು ಹಿಡಿದು ಲೆಕ್ಕ ಮಾಡು. ಸುಮ್ನೆ ಓದಿದರೆ ಬರೋದಿಲ್ಲ. ಇದು ಮುಗಿದ ಮೇಲೆ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಕ್ವಾಂಟಮ್ ಕೆಮಿಸ್ಟ್ರಿ ಪಾಠಗಳು ಪುಕ್ಕಟೆ ಸಿಗುತ್ತವೆ, ಅರ್ಥವಾಗದ ಕಡೆ ನಿಲ್ಲಿಸಿ ನಿಲ್ಲಿಸಿ ನೋಡು. ವಿಡಿಯೋ ಬೈಯೋದಿಲ್ಲ.

'ಪೆಟ್ಟಿಗೆಯೊಳಗಿನ ಕಣ' ಅಂತ ಒಂದು ಪಾಠ ಬರುತ್ತದಲ್ಲ, ಪಾರ್ಟಿಕಲ್ ಇನ್ ಎ ಬಾಕ್ಸ್, ಅದರಿಂದಲೇ ಶುರು ಮಾಡು. ಬಟ್ಟೆ ಒಣಹಾಕುವ ಹಗ್ಗವನ್ನು ಎರಡು ಕಂಬಕ್ಕೆ ಕಟ್ಟಿ ಅಲ್ಲಾಡಿಸಿದ ಹಾಗೆ ಅದು. ಒಂದು ಉಬ್ಬು ಬರಬಹುದು, ಎರಡು, ಮೂರು ಬರಬಹುದು. ಎರಡೂವರೆ ಉಬ್ಬು ನಿಲ್ಲೋದೇ ಇಲ್ಲ, ಯಾಕಂದ್ರೆ ಹಗ್ಗದ ತುದಿ ಕಟ್ಟಿದೆ. ಸೂತ್ರದಲ್ಲಿರುವ 1, 2, 3 ಬಂದದ್ದು ಇಲ್ಲಿಂದ. ಇನ್ನು ಪೆಟ್ಟಿಗೆ ಎರಡರಷ್ಟು ಉದ್ದವಾದರೆ ಕಣದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಶಕ್ತಿಯ ಮೆಟ್ಟಿಲುಗಳು ಹತ್ತಿರವಾಗುತ್ತವೆ.

ಈಗ ನಿಮ್ಮನೆ ಆರತಿ ತಟ್ಟೆಗೆ ಬಾ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್‌ನಲ್ಲಿ ಒಂಟಿ ಬಂಧ, ಜೋಡಿ ಬಂಧ ಸಾಲಾಗಿ ಬರುತ್ತವೆ. ಆ ಸಾಲೇ ಎಲೆಕ್ಟ್ರಾನಿನ ಪೆಟ್ಟಿಗೆ. ಸುಣ್ಣ ಅದರಿಂದ ಒಂದು ಪ್ರೋಟಾನ್ ಕಿತ್ತುಕೊಂಡಾಗ ಎಲೆಕ್ಟ್ರಾನ್ ಇನ್ನೂ ಸಲೀಸಾಗಿ ಹರಡಿಕೊಳ್ಳುತ್ತದೆ, ಮೇಲೆ ಹತ್ತಲು ಕಡಿಮೆ ಶಕ್ತಿ ಸಾಕಾಗುತ್ತದೆ. ನೀಲಿ ಕಡೆಯ ಬೆಳಕು ನುಂಗುತ್ತಿದ್ದದ್ದು ಹಸಿರಿನ ಕಡೆಗೆ ಜಾರುತ್ತದೆ. ನಮ್ಮ ಕಣ್ಣಿಗೆ ಹಳದಿ ಹೋಗಿ ಕೆಂಪು. ಕ್ಯಾರೆಟ್ಟಿನ ಬೀಟಾ ಕೆರೋಟಿನ್‌ನಲ್ಲಿ ಹೀಗೆ ಸಾಲಾಗಿ 11 ಜೋಡಿ ಬಂಧ ಇವೆ, ಕ್ಯಾರೆಟ್ಟಿಗೆ ಆ ಬಣ್ಣ ಬಂದದ್ದು ಅದರಿಂದ. ನಿನಗೆ ಇಷ್ಟವಾದ ಕೆಮಿಸ್ಟ್ರಿಯೂ ನಿನ್ನನ್ನು ಅಳುವಂತೆ ಮಾಡಿದ ಕ್ವಾಂಟಮ್ಮೂ ಒಂದೇ ಮನೆಯವು. ಇದನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ನೀನು ಈ ಪತ್ರ ಬರೆಯುತ್ತಿರಲಿಲ್ಲವೇನೋ.

'ಇಲ್ಲಿಗ್ಯಾಕೆ ಬಂದೆ' ಅಂದ ಮಾತಿನ ಬಗ್ಗೆ. ಪಾಠ ಹೇಳುವವರು ಆ ಮಾತು ಆಡಬಾರದು. ನನಗೂ ಓದುವಾಗ ಒಬ್ಬರು ಹಾಗೇ ಅಂದಿದ್ದರು. ಸೆಮಿನಾರಿನಲ್ಲಿ ಇಂಗ್ಲಿಷ್ ತಡವರಿಸಿ ಅರ್ಧಕ್ಕೇ ಕೂತಿದ್ದೆ. ಆ ವರ್ಷವಿಡೀ ಹಿಂದಿನ ಬೆಂಚು ಬಿಟ್ಟು ಏಳಲಿಲ್ಲ. ಅದೊಂದು ವರ್ಷ ಸುಮ್ಮನೆ ಕಳೆದುಕೊಂಡೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಈಗಿನ ಐಐಎಸ್‌ಸಿಗೆ, ಕಮಲಾ ಸೊಹೋನಿ ಅರ್ಜಿ ಹಾಕಿದಾಗ ಹೆಣ್ಣು ಅಂತ ಸಿ.ವಿ. ರಾಮನ್ ಬೇಡ ಅಂದರು. ಈಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ನೋಡೋಣ ಅನ್ನೋ ಷರತ್ತಿನ ಮೇಲೆ ಸೇರಿಸಿಕೊಂಡರು. ಅಲ್ಲೇ ಎಂ.ಎಸ್ಸಿ. ಮುಗಿಸಿ, 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್.ಡಿ. ಪಡೆದರು. ಬೇಡ ಅಂದವರು ಅಷ್ಟು ದೊಡ್ಡವರಾದರೂ ಅವರ ಮಾತು ತಪ್ಪಾಗಿತ್ತು, ಅಲ್ವಾ?

ಡೌಟನ್ನು ಕ್ಲಾಸಿನಲ್ಲೇ ಕೇಳಬೇಕು ಅಂತೇನಿಲ್ಲ. ಚೀಟಿಯಲ್ಲಿ ಬರೆದುಕೊಂಡು ಸ್ಟಾಫ್ ರೂಮಿಗೆ ಹೋಗು. ಅವರ ಹತ್ತಿರ ಆಗದಿದ್ದರೆ ಪಿಎಚ್.ಡಿ. ಮಾಡುತ್ತಿರುವ ಅಕ್ಕಂದಿರು ಡಿಪಾರ್ಟ್‌ಮೆಂಟಿನಲ್ಲಿ ಇದ್ದೇ ಇರುತ್ತಾರೆ. ಕನ್ನಡದಲ್ಲೇ ಕೇಳು. ಅರ್ಥ ಮಾಡಿಕೊಳ್ಳೋದು ಕನ್ನಡದಲ್ಲಿ, ಉತ್ತರ ಬರೆಯೋದು ಇಂಗ್ಲಿಷಿನಲ್ಲಿ. ಎರಡಕ್ಕೂ ಒಂದೇ ನೋಟ್‌ಬುಕ್ ಇಡು.

ಚಿಕ್ಕಪ್ಪನ ಮಾತನ್ನು ತಳ್ಳಿಹಾಕಬೇಡ, ಆದರೆ ಕ್ರಮ ಬದಲಿಸು: ಮೊದಲು ಎಂ.ಎಸ್ಸಿ., ಆಮೇಲೆ ಬಿ.ಎಡ್. ಬಿ.ಎಸ್ಸಿ., ಬಿ.ಎಡ್. ಮಾಡಿದರೆ ಹೈಸ್ಕೂಲಿನವರೆಗೆ. ಶೇ. 55ರ ಮೇಲೆ ಎಂ.ಎಸ್ಸಿ. ಮುಗಿಸಿ ಆಮೇಲೆ ಬಿ.ಎಡ್. ಮಾಡಿದರೆ ಪಿಯು ಉಪನ್ಯಾಸಕಿ ಹುದ್ದೆಗೂ ಅರ್ಜಿ ಹಾಕಬಹುದು. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಆದರೆ ಡಿಗ್ರಿ ಕಾಲೇಜಿಗೆ. ರಾಷ್ಟ್ರ ಮಟ್ಟದ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಸಂಶೋಧನೆಗೆ ಕೊಡುವ ಜೆಆರ್‌ಎಫ್ ಸಿಕ್ಕಿ ಪಿಎಚ್.ಡಿ. ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಆ ಪರೀಕ್ಷೆಯ ಕೊನೆಯ ಭಾಗದಲ್ಲಿ 60 ಪ್ರಶ್ನೆ ಕೊಟ್ಟು 25ಕ್ಕೆ ಮಾತ್ರ ಉತ್ತರಿಸು ಅಂತಾರೆ, ಆರಿಸಿಕೊಳ್ಳೋದು ನೀನು. ಆರ್ಗ್ಯಾನಿಕ್, ಇನಾರ್ಗ್ಯಾನಿಕ್ ಗಟ್ಟಿ ಇದ್ದವರಿಗೆ ಅಲ್ಲಿ ಜಾಗ ಇದೆ.

ಗೆಳತಿಯ ಸಂಬಳ ನೋಡಿ ಸಂಕಟ ಆಗೋದು ಸಹಜ. ಮೊದಲೆರಡು ವರ್ಷ ಅವಳೇ ಮುಂದಿರುತ್ತಾಳೆ, ಆ ಮಾತು ನಿಜ. ಆದರೆ ಜಿಗಣಿ, ಬೊಮ್ಮಸಂದ್ರದ ಲ್ಯಾಬುಗಳಲ್ಲಿ ಹೊಸ ಮಾಲಿಕ್ಯೂಲ್ ಕಟ್ಟುವ ಸಿಂಥೆಸಿಸ್ ಬೆಂಚಿಗೆ ಸಾಮಾನ್ಯವಾಗಿ ಎಂ.ಎಸ್ಸಿ. ಆದವರನ್ನೇ ಕೇಳುತ್ತಾರೆ. ನಿನ್ನ ಕೈಗೆ ಆ ಬೆಂಚು ಒಪ್ಪುತ್ತದೆ ಅಂತ ನನಗೆ ಅನಿಸುತ್ತದೆ. ಎರಡನೇ ಸೆಮಿಸ್ಟರ್ ಮುಗಿದು, ಈ ಪೇಪರ್ ಕಟ್ಟಿ ಪಾಸಾದ ಮೇಲೂ ಲ್ಯಾಬಿಗೆ ಹೋಗಲು ಮನಸ್ಸೇ ಬರದಿದ್ದರೆ ಆಗ ಬಿಡು. ಆಗ ನಾನೂ ಬೇಡ ಅನ್ನೋದಿಲ್ಲ.

ಇನ್ನು ನಿದ್ದೆ. ನಿದ್ದೆ ಕೆಡಿಸಿರೋದು ಕ್ವಾಂಟಮ್ ಅಂತ ನನಗನಿಸೋದಿಲ್ಲ, ಅಪ್ಪನಿಗೆ ಹೇಳಿದ ಸುಳ್ಳು. ಅವರು ಫೋನ್ ಮಾಡಿದಾಗಲೆಲ್ಲ ನಿನ್ನ ಎದೆ ಹೊಡೆದುಕೊಳ್ಳುತ್ತಿರಬೇಕು. ಹುಷಾರಾಗಿ ಮಾತಾಡಿ, ಬೇಗ ಫೋನ್ ಇಟ್ಟು, ಆಮೇಲೆ ಅಳುತ್ತಿರಬೇಕು. ಈ ಭಾರ ಹೊತ್ತುಕೊಂಡು ಯಾರಿಂದಲೂ ಓದೋಕ್ಕಾಗಲ್ಲ. ಫೋನಿನಲ್ಲಿ ಹೇಳಬೇಡ, ಊರಿಗೆ ಹೋಗು. ಹೋಗುವ ಮೊದಲು ಡಿಪಾರ್ಟ್‌ಮೆಂಟ್ ಆಫೀಸಿನಲ್ಲಿ ಕೇಳಿಕೋ: ಆ ಪೇಪರ್ ಮತ್ತೆ ಯಾವಾಗ, ಫೀಸೆಷ್ಟು, ಅರ್ಜಿಗೆ ಕೊನೆ ದಿನ ಯಾವುದು. ನಮ್ಮ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ಪೇಪರ್ ಉಳಿದರೂ ಮುಂದಿನ ಸೆಮಿಸ್ಟರಿಗೆ ಹೋಗಬಹುದು, ಹಳೇದನ್ನು ಮತ್ತೆ ಬರೆಯಬಹುದು. ಈ ವಿವರ ಕೈಯಲ್ಲಿದ್ದರೆ ಅಪ್ಪನಿಗೂ ದಾರಿ ಕಾಣುತ್ತದೆ.

ಹೇಳುವಾಗ ಸುತ್ತಿ ಬಳಸಬೇಡ. 'ಅಪ್ಪಾ, ಒಂದು ಪೇಪರ್ ಹೋಗಿದೆ. ಪಾಸ್ ಅಂತ ಸುಳ್ಳು ಹೇಳಿದೆ. ಮತ್ತೆ ಬರೀತೀನಿ.' ಇಷ್ಟೇ. ಬೈಯಬಹುದು. ಊಟ ಬಿಟ್ಟು ಎದ್ದು ಹೋಗಲೂಬಹುದು. ಸಾಲದ ಮಾತು ಬಂದರೆ ತಲೆ ತಗ್ಗಿಸಿ ಕೇಳಿಸಿಕೋ, ಅವರ ಚಿಂತೆಯೂ ಸಣ್ಣದಲ್ಲ. ಆದರೆ ಸಾಲ ಮಾಡಿ ಮಗಳನ್ನು ಎಂ.ಎಸ್ಸಿ.ಗೆ ಕಳಿಸಿದ ಅಪ್ಪ ಒಂದು ಪೇಪರಿಗೆ ನಿನ್ನನ್ನು ಬಿಟ್ಟುಕೊಡುತ್ತಾರೆ ಅಂತ ನಾನು ನಂಬೋದಿಲ್ಲ. ಹೇಳಿದ ಮೇಲೂ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನುವಂಥ ಯೋಚನೆ ಬಂದರೆ, ಒಂದು ಕ್ಷಣವೂ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತಾರೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಬರುವ ಭಾನುವಾರವೇ ಹೋಗಿ ಬಾ. ಪಿಯುಸಿ ಗಣಿತದ ಪುಸ್ತಕ ಮನೆಯ ಅಟ್ಟದ ಮೇಲೆ ಎಲ್ಲೋ ಕಟ್ಟಿಟ್ಟಿರುತ್ತಾರೆ. ಎಲ್ಲಾ ಹೇಳಿ ಮುಗಿಸಿದ ಮೇಲೆ, ಅದನ್ನು ಇಳಿಸಿಕೊಡೋಕೆ ಅಪ್ಪನನ್ನೇ ಕೇಳು.