ಆಟಿಗೆ ಮುಂಚೆ ಮನೆ ಬಿಟ್ಟವರು

ಈ ಪ್ರಕರಣ ಹಳೆಯದು, 2010ರ ಮಳೆಗಾಲದ್ದು. ಬರೆಯುವುದಕ್ಕೆ ಆ ದಂಪತಿ ಒಪ್ಪಿದ್ದಾರೆ. ಹೆಸರು, ಕೆಲಸ, ಊರಿನ ವಿವರಗಳನ್ನು ಬದಲಿಸಿದ್ದೇನೆ. ಗಂಡನನ್ನು ಸುಧಾಕರ, ಹೆಂಡತಿಯನ್ನು ವಿನಯಾ ಎಂದು ಕರೆಯುತ್ತೇನೆ.

ನಾನು ಆಪ್ತಸಲಹೆಗಾರ್ತಿ. ಅವರು ಮಂಗಳೂರಿನ ನನ್ನ ಕೋಣೆಗೆ ಮೊದಲ ಸಲ ಬಂದದ್ದು ಜೂನ್ ಮೊದಲ ವಾರ. ಹೊರಗೆ ಜೋರು ಮಳೆ. ವಿನಯಾ ಕೈಯಲ್ಲಿ ಎರಡು ಪ್ಲಾಸ್ಟಿಕ್ ತೊಟ್ಟೆ ಸುತ್ತಿದ ಕಾಗದದ ಕಟ್ಟು. ಬ್ಯಾಂಕಿನ ನೋಟಿಸು, ಪತ್ರಿಕೆಯಿಂದ ಕತ್ತರಿಸಿದ ಒಂದು ಜಾಹೀರಾತು. ಆ ಜಾಹೀರಾತಿನಲ್ಲಿ ಇಬ್ಬರ ಹೆಸರೂ ಫ್ಲ್ಯಾಟ್ ನಂಬರೂ ಅಚ್ಚಾಗಿತ್ತು.

"ಮೇಡಂ, ಇನ್ನು ನಾವು ಎಲ್ಲಿಗೆ ಹೋಗುವುದು?" ಎಂದು ಕೇಳಿದ್ದು ವಿನಯಾ. ಸುಧಾಕರ ಕಿಟಕಿ ನೋಡುತ್ತಿದ್ದರು.

ಮನೆ ಹೋದದ್ದು ಹೀಗೆ. ಸುಧಾಕರ ದುಬೈಯಲ್ಲಿ ಒಂದು ಕಟ್ಟಡ ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಹದಿನಾರು ವರ್ಷ ದುಡಿದು ಮಂಗಳೂರಿನಲ್ಲಿ ಫ್ಲ್ಯಾಟ್ ಮಾಡಿದ್ದರು. ಅದರ ಮೇಲೆ ಒಂದು ರೂಪಾಯಿ ಸಾಲ ಇರಲಿಲ್ಲ. 2002ರಲ್ಲಿ ದುಬೈ ಹೊರದೇಶದವರಿಗೂ ಮನೆ ಕೊಳ್ಳಲು ಬಾಗಿಲು ತೆರೆದಿತ್ತು. ಆಮೇಲಿನ ಆರು ವರ್ಷ ಅಲ್ಲಿ ಬೆಲೆ ಏರಿದ್ದೇ ಏರಿದ್ದು. ಇನ್ನೂ ಪಾಯ ಹಾಕದ ಕಟ್ಟಡದ ಫ್ಲ್ಯಾಟನ್ನು ಕಂತಿನಲ್ಲಿ ಹಿಡಿಯುವುದು, ಕೀ ಕೈಗೆ ಬರುವ ಮೊದಲೇ ಲಾಭಕ್ಕೆ ಮಾರುವುದು. ಆಫೀಸಿನಲ್ಲಿ ಎಲ್ಲರೂ ಮಾಡುತ್ತಿದ್ದರು. 2008ರ ಶುರುವಿನಲ್ಲಿ ಇವರೂ ಮಂಗಳೂರಿನ ಫ್ಲ್ಯಾಟ್ ಅಡ ಇಟ್ಟು ಅಲ್ಲಿ ಎರಡು ಫ್ಲ್ಯಾಟ್‌ಗೆ ಕಂತು ಕಟ್ಟಿದರು. ಉಳಿದ ಕಂತುಗಳಿಗೆ ಮುಂದಿನ ತಾರೀಕಿನ ಚೆಕ್ ಬರೆದುಕೊಟ್ಟರು.

ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೆಹ್ಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ಮುಳುಗಿತು. ಅಲ್ಲಿನ ಮನೆ ಸಾಲದ ರೋಗ ಕೆಲವೇ ತಿಂಗಳಲ್ಲಿ ದುಬೈಗೂ ಬಂತು. ಮುಂದಿನ ವರ್ಷ ಮುಗಿಯುವುದರೊಳಗೆ ಅಲ್ಲಿ ಮನೆಗಳ ಬೆಲೆ ಸುಮಾರು ಅರ್ಧಕ್ಕೆ ಇಳಿದಿತ್ತು. ಸುಧಾಕರರ ಕಟ್ಟಡ ಪಾಯದಲ್ಲೇ ನಿಂತಿತು. ಕೆಲಸ ಹೋಯಿತು. ಅಲ್ಲಿ ಕೆಲಸ ಹೋದರೆ ವೀಸಾವೂ ಹೋಯಿತು ಅಂತಲೇ ಅರ್ಥ. ಚೆಕ್ ಬೌನ್ಸ್ ಆದರೆ ಆಗೆಲ್ಲ ಜೈಲು. ಹಾಗಾಗಿ ವಾಪಸು ಹೋಗುವ ದಾರಿಯೂ ಮುಚ್ಚಿತು. ಇಲ್ಲಿನ ಕಂತು ಮೂರು ತಿಂಗಳು ನಿಂತ ಮೇಲೆ ಬ್ಯಾಂಕ್ ಸಾಲವನ್ನು ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ಬರೆಯಿತು. ಅಡ ಇಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸು, ಅದರ ನಂತರ ಸ್ವಾಧೀನದ ನೋಟಿಸು. ಈಗ ಹರಾಜು.

ಇದನ್ನೆಲ್ಲ ಸುಧಾಕರ ಆಡಿಟ್ ರಿಪೋರ್ಟ್ ಓದಿದ ಹಾಗೆ ಹೇಳಿದರು. ಆಮೇಲೆ, ಮಧ್ಯದಲ್ಲಿ ಎಲ್ಲೋ, ದನಿ ಒಂದಿಷ್ಟೂ ಬದಲಿಸದೆ ಹೇಳಿದರು: "ಆ ಪ್ಲೇನಿನಲ್ಲಿ ನಾನು ಇರಬೇಕಿತ್ತು. ಇವರಿಗೆ ದುಡ್ಡಾದರೂ ಬರುತ್ತಿತ್ತು."

ಯಾವ ಪ್ಲೇನ್ ಎಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತಿದ್ದರು. ಎರಡು ವಾರವೂ ಆಗಿರಲಿಲ್ಲ. ಊರಲ್ಲಿ ಯಾರ ಬಾಯಲ್ಲಿ ನೋಡಿದರೂ ಅದೇ ಮಾತು. ಹಾಗಾಗಿ ಸುಧಾಕರರ ಮಾತನ್ನು ಬೇಸರದ ಮಾತು ಎಂದು ಬಿಟ್ಟುಬಿಡಬಹುದಿತ್ತು. ವಿನಯಾ ಹಾಗೇ ಬಿಟ್ಟಿದ್ದರು. "ಇವರು ದಿನಾ ಹೀಗೇ ಹೇಳುವುದು ಮೇಡಂ" ಎಂದರು.

ದಿನಾ ಹೇಳುತ್ತಾರೆ ಎಂಬುದೇ ನನಗೆ ಮುಖ್ಯವಾಯಿತು. ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯನ್ನು ಬದಿಗಿಟ್ಟೆ. ನೇರವಾಗಿ ಕೇಳಿದೆ: "ಸಾಯಬೇಕು ಅಂತ ಅನ್ನಿಸುತ್ತಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗುತ್ತದೆ ಎಂದು ತುಂಬ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳದೆ ಬಿಡುವುದೇ ಅಪಾಯ. ಸುಧಾಕರ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಅಳಲು ಶುರು ಮಾಡಿದರು. ಯೋಚನೆ ಇತ್ತು.

ಅದೇ ದಿನ ಮನೋವೈದ್ಯರ ಹತ್ತಿರ ಕಳಿಸಿದೆ. ಮಾತ್ರೆ ಶುರುವಾಯಿತು. ಕೆಲವು ವಾರ ಒಬ್ಬರನ್ನೇ ಬಿಡಬೇಡಿ, ಮಾತ್ರೆಯ ಪಟ್ಟಿ ನಿಮ್ಮ ಕೈಯಲ್ಲೇ ಇರಲಿ ಎಂದು ವಿನಯಾಗೆ ಹೇಳಿದೆ. ಆಗ ಫೋನಿನಲ್ಲಿ ಸಿಗುವ ಸಹಾಯ ಕಡಿಮೆ. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿಗೆ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಯಲ್ಲಿ ಮತ್ತೆ ಅದೇ ಪ್ರಶ್ನೆ. ಎಲ್ಲಿಗೆ?

ಸುಧಾಕರರ ಉತ್ತರ ಬೊಂಬಾಯಿ. ಅಲ್ಲಿ ಯಾರಿದ್ದಾರೆ ಎಂದು ಕೇಳಿದರೆ "ಯಾರೂ ಇಲ್ಲ, ಅದಕ್ಕೇ" ಎಂದರು. ಮನೆ ಕಳೆದುಕೊಂಡವರು ನನ್ನ ಹತ್ತಿರ ಬಂದಾಗಲೆಲ್ಲ ಇದನ್ನು ಗಮನಿಸಿದ್ದೇನೆ. ಅವರು ಬಾಯಲ್ಲಿ ಕೇಳುವುದು ಎಲ್ಲಿಗೆ ಹೋಗುವುದು ಎಂದು. ಒಳಗೆ ಕೊರೆಯುತ್ತಿರುವುದು ಯಾರ ಕಣ್ಣಿಗೆ ಬೀಳುವುದು ಎಂಬ ಚಿಂತೆ. ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ ಹೊರಟರೆ, ಕಷ್ಟಕ್ಕೆ ಆಗುವವರೂ ಇಲ್ಲದ ಜಾಗಕ್ಕೇ ತಲುಪುತ್ತೇವೆ.

ಅದೇ ಮನೆ ಸಾಲದ ಹೊಡೆತದ ನಂತರ ಅಮೆರಿಕದಲ್ಲಿ ಏನಾಯಿತು ನೋಡಿ. ಮನೆ ಹೋದವರೆಲ್ಲ ಬೀದಿಯಲ್ಲಿ ಮಲಗಲಿಲ್ಲ. ಬಹಳ ಜನ ಬಾಡಿಗೆಗೆ ಹೋದರು. ಇನ್ನೂ ಬಹಳ ಜನ ಅಪ್ಪ ಅಮ್ಮ, ಅಣ್ಣ ತಮ್ಮಂದಿರ ಮನೆ ಸೇರಿದರು. ದೊಡ್ಡವರಾದವರ ಎರಡು ಮೂರು ತಲೆಮಾರು ಒಂದೇ ಸೂರಿನ ಕೆಳಗಿರುವ ಮನೆಗಳಲ್ಲಿ 2007ರಲ್ಲಿ 4.65 ಕೋಟಿ ಜನ ಇದ್ದರು, 2009ಕ್ಕೆ ಅದು 5.14 ಕೋಟಿ ಆಗಿತ್ತು ಎಂದು ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕ. ಹದಿನೆಂಟು ತುಂಬಿದರೆ ಮಕ್ಕಳು ಬೇರೆ ಹೋಗುತ್ತಾರೆ ಎಂದು ನಾವು ಹೇಳುವ ದೇಶ ಅದು! ಸ್ವಂತ ಮನೆಯಲ್ಲಿರುವ ಕುಟುಂಬಗಳ ಪಾಲು 2004ರಲ್ಲಿ ನೂರಕ್ಕೆ 69 ಇದ್ದದ್ದು ಇಳಿಯುತ್ತಾ ಬಂದು 2016ರಲ್ಲಿ 63ಕ್ಕಿಂತ ಕೆಳಗೆ ಹೋಯಿತು. ಅಂದರೆ ಕಳೆದುಕೊಂಡ ಎಷ್ಟೋ ಜನ ಹತ್ತು ವರ್ಷವಾದರೂ ಮತ್ತೆ ಮನೆ ಕೊಂಡಿರಲಿಲ್ಲ. ಬದುಕು ನಡೆಯುತ್ತಲೇ ಇತ್ತು, ಬಾಡಿಗೆಯಲ್ಲಿ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮಗಳು ದ್ವಿತೀಯ ಪಿಯುಸಿ, ಮಗ ಆರನೇ ಕ್ಲಾಸ್. ಶಾಲೆ ಬದಲಿಸಬಾರದು, ಸುರತ್ಕಲ್ ಕಡೆ ಸಣ್ಣ ಬಾಡಿಗೆ ಮನೆ ನೋಡಿ ಎಂದು ಸಲಹೆ ಕೊಟ್ಟೆ. ಪುಸ್ತಕದ ಪ್ರಕಾರ ಸರಿಯಾದ ಸಲಹೆ. ವಿನಯಾ ನನ್ನನ್ನೇ ನೋಡಿ, "ಅಡ್ವಾನ್ಸ್ ಎಲ್ಲಿಂದ ಮೇಡಂ? ಬಾಡಿಗೆ ಎಲ್ಲಿಂದ?" ಎಂದರು. ಅವರ ಹತ್ತಿರ ಉಳಿದಿದ್ದದ್ದು ಒಂದು ಸರ, ನಾಲ್ಕು ಬಳೆ. ಅದನ್ನು ಮಾರಿ ಬಾಡಿಗೆ ಕಟ್ಟಿದರೆ ಆರು ತಿಂಗಳು. ಆಮೇಲೆ? ನಾನು ಲೆಕ್ಕ ಕೇಳದೆ ಸಲಹೆ ಕೊಟ್ಟಿದ್ದೆ. ಒಪ್ಪಿಕೊಂಡೆ.

ಇನ್ನೊಂದು ಜಾಗ ಇತ್ತು, ಇಬ್ಬರೂ ಅದರ ಹೆಸರು ಎತ್ತುತ್ತಿರಲಿಲ್ಲ. ಕಾರ್ಕಳದ ಕಡೆ ವಿನಯಾ ತಾಯಿಯ ಮನೆ. ಅಲ್ಲಿ ತಾಯಿ, ವಿನಯಾ ಅಣ್ಣ, ಅತ್ತಿಗೆ, ಅರ್ಧ ಎಕರೆ ಅಡಿಕೆ ತೋಟ. "ಹೆಂಡತಿ ಮನೆಯಲ್ಲಿ ಹೋಗಿ ಕೂರುವುದಾ?" ಎಂದರು ಸುಧಾಕರ. ಹದಿನಾರು ವರ್ಷ ದುಬೈಯಿಂದ ಆ ಮನೆಗೆ ಸೆಂಟು, ಸೋಪು, ಟಾರ್ಚು ಹೊತ್ತು ತಂದವರು. ಈಗ ಬರಿಗೈಯಲ್ಲಿ ಹೋಗಬೇಕು.

ಮೂರನೇ ಭೇಟಿಗೆ ಅವರ ಮಾಮಿಯನ್ನೂ, ಅಂದರೆ ವಿನಯಾ ತಾಯಿಯನ್ನೂ ಕರೆದುಕೊಂಡು ಬರಲು ಹೇಳಿದೆ. ಎಪ್ಪತ್ತು ದಾಟಿದ ಹೆಂಗಸು, ಎರಡು ಬಸ್ಸು ಬದಲಿಸಿ ಬಂದಿದ್ದರು. ಅಳಿಯನ ಮಾತನ್ನೆಲ್ಲ ಕೇಳಿ ತುಳುವಿನಲ್ಲಿ ಒಂದೇ ಮಾತು ಹೇಳಿದರು: "ಅವು ಜೋಕುಲೆನ ಇಲ್ಲ್." ಅದು ಮಕ್ಕಳ ಮನೆ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರದು ಅಳಿಯಕಟ್ಟಿನ ಕುಟುಂಬ. ಅಳಿಯಸಂತಾನದಲ್ಲಿ ಮಕ್ಕಳು ತಾಯಿಯ ಕಡೆಗೆ ಸೇರಿದವರು, ಬರಿ, ಅಂದರೆ ಗೋತ್ರದಂಥ ವಂಶದ ಹೆಸರು ಬರುವುದೂ ತಾಯಿಯಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಆಸ್ತಿಯ ಲೆಕ್ಕ ಬದಲಾಗಿದೆ, ನಿಜ. ಆದರೆ ಕುಟುಂಬದ ಮನೆಯಲ್ಲಿ ದೈವದ ಕೆಲಸ ನಡೆಯುವಾಗ ಮಕ್ಕಳು ನಿಲ್ಲುವುದು ತಾಯಿಯ ಕುಟುಂಬದ ಜೊತೆಗೇ. ಆ ಅಜ್ಜಿ ಹೇಳಿದ್ದರ ಅರ್ಥ ಇಷ್ಟು: ನನ್ನ ಮೊಮ್ಮಕ್ಕಳು ತಮ್ಮ ಮನೆಗೆ ಬರುತ್ತಾರೆ, ನೀನು ಅವರ ಅಪ್ಪ, ಜೊತೆಗೆ ಬಾ. ಸುಧಾಕರರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಮರ್ಯಾದೆಯ ಚಿಂತೆಯಲ್ಲಿ ಅವರಿಗೆ ಅದು ಮರೆತುಹೋಗಿತ್ತು.

ಮಾಮಿ ಇನ್ನೊಂದು ಶರತ್ತು ಹಾಕಿದರು. ಬರುವುದಾದರೆ ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಶುರುವಾಗುವ ಮೊದಲು ಬರಬೇಕು. ಆಟಿಯಲ್ಲಿ ಮನೆ ಬದಲಿಸಬಾರದು. ಅಂದರೆ ಜುಲೈ ಮಧ್ಯದೊಳಗೆ. ಬ್ಯಾಂಕು ಕೊಟ್ಟ ಗಡುವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಬ್ಯಾಂಕ್ ಹೇಳಿದ್ದಕ್ಕೆ ಹೊರಡುವುದೂ ಆಟಿಗೆ ಮುಂಚೆ ಎಂದು ಹೊರಡುವುದೂ ಒಂದೇ ಅಲ್ಲ. ಸುಧಾಕರರ ಮುಖದಲ್ಲೇ ಅದು ಕಾಣುತ್ತಿತ್ತು.

ಉಳಿದ ಭೇಟಿಗಳು ಬರೀ ವ್ಯವಹಾರ. ಆಪ್ತಸಲಹೆ ಎಂದರೆ ಮನಸ್ಸಿನ ಮಾತು ಮಾತ್ರ ಎಂದುಕೊಳ್ಳುವವರಿಗೆ ಹೇಳುತ್ತೇನೆ, ಅರ್ಧ ಕೆಲಸ ಕಾಗದಪತ್ರದ್ದು. ವಿನಯಾ ಸಾಲಕ್ಕೆ ಸಹಿ ಹಾಕಿದ್ದರು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಹಾಗಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅವರ ಹೆಸರಲ್ಲೇ ಅರ್ಜಿ ಹಾಕಿಸಿದೆ. ಸ್ವಾಧೀನದ ಕ್ರಮದ ವಿರುದ್ಧ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದಿತ್ತು, ಆ ಅವಧಿ ಕಳೆದಿತ್ತು ಎಂದು ಅಲ್ಲಿನ ವಕೀಲರು ಹೇಳಿದರು. ನೋಟಿಸು ಬಂದಾಗ ಕವರ್ ಒಡೆಯದೆ ಕಪಾಟಿನಲ್ಲಿ ಇಟ್ಟಿದ್ದರಂತೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ 60 ದಿನದಲ್ಲಿ ಬ್ಯಾಂಕಿನ ಜೊತೆ ಮಾತಾಡಿ ಕಂತು ಬದಲಿಸಿಕೊಳ್ಳಲು, ಇಲ್ಲವೇ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ನೀವೇ ಮಾರಿ ಸಾಲ ತೀರಿಸಲು ಅವಕಾಶ ಇರುತ್ತದೆ. ನೀವೇ ಮಾರಿದರೆ ಸಾಮಾನ್ಯವಾಗಿ ಹರಾಜಿಗಿಂತ ಒಳ್ಳೆಯ ಬೆಲೆ ಸಿಗುತ್ತದೆ.

ವಕೀಲರು ಹೇಳಿದ ಇನ್ನೊಂದು ಮಾತು ಇವರಿಗೆ ಉಪಯೋಗಕ್ಕೆ ಬಂತು. ಹರಾಜಿನಲ್ಲಿ ಸಾಲ, ಬಡ್ಡಿ, ಖರ್ಚು ಕಳೆದು ಮಿಕ್ಕ ಹಣ ಸಾಲಗಾರನದು. ಕೇಳಿ ಪಡೆಯಬೇಕು. ಕಡಿಮೆ ಬಿದ್ದರೆ ಬಾಕಿಯನ್ನು ಬ್ಯಾಂಕ್ ಇವರಿಂದಲೇ ವಸೂಲು ಮಾಡಬಹುದು, ಅದೂ ಗೊತ್ತಿರಲಿ.

ಮನೆ ಬಿಡುವುದನ್ನು ಹಗಲಿನಲ್ಲೇ ಮಾಡಿ ಎಂದೆ. ಸುಧಾಕರ ರಾತ್ರಿ ಲಾರಿ ತರಿಸುವ ಯೋಚನೆಯಲ್ಲಿದ್ದರು. ರಾತ್ರಿ ಹೋದರೆ ಕಳ್ಳರ ಹಾಗೆ ಹೋದ ನೆನಪು ಮಕ್ಕಳಿಗೆ ಉಳಿಯುತ್ತದೆ. ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಗ್ಯಾಸ್ ಪುಸ್ತಕ ಬೇರೆ ಚೀಲದಲ್ಲಿ. ಮಗ ತನ್ನ ಸೈಕಲ್ ಬರುತ್ತದಾ ಎಂದು ಮೂರು ಸಲ ಕೇಳಿದ್ದ. ಲಾರಿಗೆ ಮೊದಲು ಸೈಕಲನ್ನೇ ಹತ್ತಿಸಿ ಎಂದೆ.

ಮಗಳಿಗೆ ಕಾಲೇಜು ಬಿಡಿಸಲಿಲ್ಲ. ಬಳೆ ಮಾರಿದ ಹಣದಲ್ಲಿ ಅವಳನ್ನು ಒಂದು ವರ್ಷ ಹಾಸ್ಟೆಲಿಗೆ ಸೇರಿಸಿದರು. ಮಗನ ಟಿಸಿ ತೆಗೆಸಿ ಹಳ್ಳಿ ಹತ್ತಿರದ ಶಾಲೆಗೆ.

ತಾಯಿ ಮನೆಯ ವಿಷಯದಲ್ಲಿ ನಾನು ಒತ್ತಿ ಹೇಳಿದ್ದು, ಅತ್ತಿಗೆಯನ್ನು ಮರೆಯಬೇಡಿ ಎಂದು. ತಾಯಿ ಬಾ ಅಂದರು, ಅಣ್ಣ ಸುಮ್ಮನಿದ್ದರು. ನಾಲ್ಕು ಜನ ಬಂದರೆ ಬೆಳಿಗ್ಗೆ ಎದ್ದು ಒಲೆ ಮುಂದೆ ನಿಲ್ಲುವವರು ಅತ್ತಿಗೆ ಅಲ್ವಾ? ಎಷ್ಟು ದಿನ ಇರುತ್ತೇವೆ, ಅಡುಗೆ ಖರ್ಚಿಗೆ ಎಷ್ಟು ಕೊಡುತ್ತೇವೆ, ಯಾವ ಕೋಣೆ ನಮ್ಮದು, ಇಷ್ಟನ್ನು ಹೋದ ದಿನವೇ ಅವರ ಎದುರು ಬಾಯಿಬಿಟ್ಟು ಹೇಳಿ ಎಂದೆ. ಒಂದು ವರ್ಷ ಎಂದು ಮಾತಾಯಿತು.

ಅಣ್ಣನಿಗೆ ನಾನೇ ಫೋನ್ ಮಾಡಿದೆ, ಸುಧಾಕರರ ಒಪ್ಪಿಗೆ ಕೇಳಿ. ಅಡಿಕೆಗೆ ಮದ್ದು ಬಿಡುವ ಕಾಲ. ತೋಟದ ಮನೆಯಲ್ಲಿ ಮೈಲುತುತ್ತು, ಇತರ ವಿಷದ ಡಬ್ಬಿ ಇದ್ದೇ ಇರುತ್ತದೆ. ಅದಕ್ಕೆಲ್ಲ ಬೀಗ ಹಾಕಿ ಕೀಲಿಕೈ ನೀವೇ ಇಟ್ಟುಕೊಳ್ಳಿ ಎಂದೆ. ಅವರು ಏನೂ ಕೇಳಲಿಲ್ಲ. "ಆಯಿತು" ಎಂದರು.

ನೆರೆಕರೆಯವರಿಗೆ ಎಂತ ಹೇಳುವುದು ಎಂಬುದಕ್ಕೂ ಒಂದು ವಾಕ್ಯ ತಯಾರು ಮಾಡಿದ್ದೆವು. "ಸಾಲ ಕಟ್ಟಲು ಆಗಲಿಲ್ಲ, ಮನೆಯನ್ನು ಬ್ಯಾಂಕಿನವರು ತೆಗೆದುಕೊಂಡರು, ಈಗ ಇಲ್ಲಿ ಇದ್ದೇವೆ." ಸುಳ್ಳು ಹೇಳಿದರೆ ಅದನ್ನು ಕಾಯುವುದೇ ಒಂದು ಕೆಲಸ ಆಗುತ್ತದೆ. ನನ್ನ ಕೋಣೆಯಲ್ಲಿ ಕುಳಿತು ಸುಧಾಕರ ಇದನ್ನು ಹತ್ತು ಸಲ ಹೇಳಿ ಅಭ್ಯಾಸ ಮಾಡಿದ್ದರು. ವಿನಯಾ ಅದನ್ನು ಬಳಸಲೇ ಇಲ್ಲ. ಹೊಸದಾಗಿ ಮದುವೆಯಾದ ಹುಡುಗಿಯರು ಆಟಿ ತಿಂಗಳಲ್ಲಿ ತವರಿಗೆ ಬಂದು ಕೂರುವ ಕ್ರಮ ನಮ್ಮಲ್ಲಿ ಇದೆ. ಬಾವಿಕಟ್ಟೆಯಲ್ಲಿ ಯಾರೋ ಕೇಳಿದ್ದಕ್ಕೆ, "ಮದುವೆಯಾಗಿ ಹದಿನೆಂಟು ವರ್ಷ ಆಯಿತು, ಈಗ ಆಟಿ ಕೂರಲು ಬಂದಿದ್ದೇನೆ, ಈ ಸಲ ಗಂಡನನ್ನೂ ತಂದಿದ್ದೇನೆ" ಎಂದರಂತೆ. ಎಲ್ಲರೂ ನಕ್ಕರು. ನಕ್ಕ ಮೇಲೆ ನಿಜವನ್ನೂ ಅವರೇ ಹೇಳಿದರು.

ಸುಧಾಕರ ತಿಂಗಳಿಗೊಮ್ಮೆ ಬರುತ್ತಿದ್ದರು. ನವೆಂಬರಿನಲ್ಲಿ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಸಂಬಳ ದುಬೈಯ ಕಾಲುಭಾಗವೂ ಅಲ್ಲ. ಆದರೆ ಮೊದಲ ತಿಂಗಳೇ ಅತ್ತಿಗೆಯ ಕೈಗೆ ದುಡ್ಡು ಕೊಟ್ಟರು. ಮಾತ್ರೆ ಒಂದೂವರೆ ವರ್ಷ ನಡೆಯಿತು, ವೈದ್ಯರು ಹೇಳಿದ ಮೇಲೆಯೇ ನಿಲ್ಲಿಸಿದ್ದು. ನಡುವೆ ಒಂದು ಸಲ, ಫ್ಲ್ಯಾಟ್ ಕೊಂಡವರು ಗೃಹಪ್ರವೇಶ ಮಾಡಿದರೆಂದು ಗೊತ್ತಾದ ವಾರ, ಮತ್ತೆ ಕುಸಿದರು. ಆಗ ವಾರಕ್ಕೆ ಎರಡು ಸಲ ಬರಲು ಹೇಳಿದ್ದೆ.

ಹರಾಜಿನಲ್ಲಿ ಸ್ವಲ್ಪ ಹಣ ಮಿಕ್ಕಿತ್ತು. ಅದು ಕೈಗೆ ಬರಲು ಏಳು ತಿಂಗಳು, ಐದು ಪತ್ರ ಬೇಕಾಯಿತು. ಒಂದು ವರ್ಷ ಎಂದದ್ದು ಎರಡು ವರ್ಷ ಆಯಿತು. ಅದರಲ್ಲಿ ಅತ್ತಿಗೆ ಜೊತೆ ಮಾತು ಬಿಟ್ಟ ಮೂರು ತಿಂಗಳೂ ಸೇರಿದೆ. 2012ರಲ್ಲಿ ಆ ಹಣವನ್ನು ಅಡ್ವಾನ್ಸ್ ಕೊಟ್ಟು ಕಾರ್ಕಳ ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಅದನ್ನು ಹೇಳಲು ಫೋನ್ ಮಾಡಿದಾಗ ಸುಧಾಕರ, "ಮಾಮಿಗೆ ಸಿಟ್ಟು ಬಂದಿದೆ ಮೇಡಂ, ಮಕ್ಕಳ ಮನೆ ಇರುವಾಗ ಬಾಡಿಗೆ ಯಾಕೆ ಅಂತ" ಎಂದರು.